ಕಾಂಕ್ರೀಟ್ ಅಡುಗೆ ಕಟ್ಟೆ: ಅಚ್ಚಿನಿಂದ ಹುಣಸೆಹುಳಿಯವರೆಗೆ

ಸಾದರಹಳ್ಳಿಯ ಬೂದು ಕಲ್ಲು, ಇಳಕಲ್ಲಿನ ಕೆಂಪು, ಚಾಮರಾಜನಗರದ ಕರಿ ಗ್ರಾನೈಟ್ ಎಲ್ಲ ಸಿಗುವ ನಾಡಿನಲ್ಲಿ ಅಡುಗೆ ಕಟ್ಟೆಗೆ ಕಾಂಕ್ರೀಟ್ ಯಾಕೆ ಎಂದು ಮೇಸ್ತ್ರಿ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ದುಡ್ಡು ಉಳಿಸುವುದೇ ಉದ್ದೇಶವಾದರೆ ಗ್ರಾನೈಟ್ ಹಾಕಿಸಿಬಿಡಿ. ಅಚ್ಚಿನ ಪ್ಲೈವುಡ್, ಪಾಲಿಶ್ ಪ್ಯಾಡು, ಕಲೆ ಇಳಿಯದಂತೆ ಹಚ್ಚುವ ಸೀಲರ್ ಎಲ್ಲ ಸೇರಿಸಿದರೆ ಕಾಂಕ್ರೀಟಿನಲ್ಲಿ ಹೇಳಿಕೊಳ್ಳುವಂಥ ಉಳಿತಾಯ ಇಲ್ಲ. ಅದರ ಲಾಭ ಬೇರೆ ಕಡೆ ಇದೆ. ಪಾತ್ರೆಯ ನೀರು ಬಸಿಯುವ ಇಳಿಜಾರು, ದುಂಡಗಿನ ಅಂಚು, ಸೊಟ್ಟ ಗೋಡೆಗೂ ಸರಿಯಾಗಿ ಕೂರುವ ಆಕಾರ, ಇಷ್ಟೂ ಒಂದೇ ತುಂಡಿನಲ್ಲಿ ಬರುತ್ತದೆ. ಹಳೆಯ ರೆಡ್ ಆಕ್ಸೈಡ್ ನೆಲದ ಮನೆಗೆ ಅದೇ ಬಣ್ಣದ ಕಟ್ಟೆ ಬೇಕೆಂದರೆ ಕಲ್ಲಿನಂಗಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ, ಸಿಮೆಂಟಿನಲ್ಲೇ ಮಾಡಿಕೊಳ್ಳಬೇಕು.

ನಮ್ಮ ಅಡುಗೆಮನೆಗಳಲ್ಲಿ ಈ ಕಟ್ಟೆಯನ್ನು ಕೆಡಿಸುವುದು ಹುಳಿ ಮತ್ತು ಅರಿಶಿನ. ಭಾರವನ್ನು ಅದು ಸಲೀಸಾಗಿ ಹೊರುತ್ತದೆ. ಹಾಗಾಗಿ ನೀರಿನ ಅಳತೆ, ಕ್ಯೂರಿಂಗ್ (ಎರಕವನ್ನು ತೇವದಲ್ಲಿಟ್ಟು ಗಟ್ಟಿಯಾಗಲು ಬಿಡುವುದು), ಸೀಲರ್ ಈ ಮೂರರಲ್ಲಿ ಮಾತ್ರ ಯಾವ ರಾಜಿಯೂ ಬೇಡ.

ಜಾಗದಲ್ಲೇ ಸೆಂಟ್ರಿಂಗ್ ಕಟ್ಟಿ ಸುರಿಯುವ ಕ್ರಮವೂ ಇದೆ. ಎತ್ತಿಡುವ ಕಷ್ಟ ತಪ್ಪುತ್ತದೆ, ಆದರೆ ಮೇಲ್ಮೈಯ ನುಣುಪು ಪೂರ್ತಿ ಕರಣೆ ಹಿಡಿದವರ ಕೈಚಳಕದ ಮೇಲೆ ನಿಂತಿರುತ್ತದೆ. ಮೊದಲ ಸಲ ಮಾಡುವವರಿಗೆ ಅಚ್ಚಿನಲ್ಲಿ ತಲೆಕೆಳಗಾಗಿ ಎರಕ ಹೊಯ್ಯುವುದೇ ವಾಸಿ. ಅಚ್ಚಿನ ತಳಕ್ಕೆ ತಾಗಿದ ಮುಖ ಮುಂದೆ ಕಟ್ಟೆಯ ಮೇಲ್ಮೈ ಆಗುತ್ತದೆ.

6 ಅಡಿ ಉದ್ದ, 2 ಅಡಿ ಅಗಲ, 40 ಮಿ.ಮೀ. ದಪ್ಪದ ಕಾಂಕ್ರೀಟ್ ಹಲಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಇದರ ತೂಕ ಸುಮಾರು 107 ಕೆ.ಜಿ. ಇಟ್ಟಿಗೆ ಗೋಡೆ ಅಥವಾ ಕಡಪ ಕಲ್ಲಿನ ಆಸರೆ ಇದ್ದರೆ ಚಿಂತೆಯಿಲ್ಲ. ಮಾಡ್ಯುಲರ್ ಪೆಟ್ಟಿಗೆಗಳ ಮೇಲೆ ಕೂರಿಸುವುದಾದರೆ ಹಿಂದೆ ಮುಂದೆ ಉದ್ದಕ್ಕೂ ಕಬ್ಬಿಣದ ಚೌಕಟ್ಟು ಕೊಡಿ. ಆಸರೆ ದಾಟಿ ಹೊರಚಾಚುವ ಭಾಗ 8 ಇಂಚು ಮೀರಿದರೆ ಕೆಳಗೆ ಬ್ರಾಕೆಟ್ ಬೇಕು.

ಅಚ್ಚಿನ ತಳಕ್ಕೆ 18 ಮಿ.ಮೀ. ಫಿಲ್ಮ್ ಹೊದಿಸಿದ ಪ್ಲೈವುಡ್ ಅಥವಾ ಲ್ಯಾಮಿನೇಟ್ ಅಂಟಿಸಿದ ಹಲಗೆ, ಪಕ್ಕಗಳಿಗೆ ಅದನ್ನೇ 40 ಮಿ.ಮೀ. ಎತ್ತರಕ್ಕೆ ಕೊಯ್ದ ಪಟ್ಟಿ. ತಳದ ಮೇಲಿನ ಗೀರು, ಧೂಳು, ಪೆನ್ಸಿಲ್ ಗುರುತು ಕೂಡ ಕಟ್ಟೆಯ ಮೇಲೆ ಮೂಡುತ್ತದೆ. ಮೂಲೆಗಳಿಗೆ ಸಿಲಿಕೋನ್ ಎಳೆದು, ಗುಂಡಗಿನ ತುದಿಯ ಕಡ್ಡಿಯಿಂದ ಒಂದೇ ಎಳೆತಕ್ಕೆ ಸವರಿ. ಕಟ್ಟೆಯ ಅಂಚಿನ ದುಂಡು ಇದೇ. ಸಿಂಕಿನ ಜಾಗಕ್ಕೆ ಗಟ್ಟಿ ಥರ್ಮೋಕೋಲ್ ತುಂಡಿಗೆ ಟೇಪ್ ಸುತ್ತಿ ಕೂರಿಸಿ. ಎಲ್ಲವೂ ಕನ್ನಡಿಯೊಳಗಿನ ಹಾಗೆ ಅದಲುಬದಲಾಗಿರುತ್ತದೆ ಎಂಬುದನ್ನು ಮರೆಯಬೇಡಿ: ಕಟ್ಟೆಯಲ್ಲಿ ಎಡಕ್ಕೆ ಬರಬೇಕಾದ ಸಿಂಕು ಅಚ್ಚಿನಲ್ಲಿ ಬಲಕ್ಕೆ. ಕೊನೆಗೆ ಅಚ್ಚನ್ನು ನಾಲ್ಕೂ ಕಡೆ ಮಟ್ಟ ನೋಡಿ, ನಡುವೆಯೂ ಆಸರೆ ಕೊಟ್ಟು ಇಡಿ. ತಳ 3 ಮಿ.ಮೀ. ಜಗ್ಗಿದರೆ ಕಟ್ಟೆ 3 ಮಿ.ಮೀ. ಉಬ್ಬುತ್ತದೆ. ಅದನ್ನು ಉಜ್ಜಿ ಸರಿಮಾಡಲು ಆಗುವುದಿಲ್ಲ.

ಈಗ ಮಿಶ್ರಣ. ಚೆಲ್ಲಿಹೋಗುವುದನ್ನೂ ಸೇರಿಸಿ ಇಷ್ಟು ಬೇಕು: 43 ಅಥವಾ 53 ಗ್ರೇಡಿನ ಓಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟ್ 21 ಕೆ.ಜಿ., ಕಾಂಕ್ರೀಟ್ ಎಂ-ಸ್ಯಾಂಡ್ 37 ಕೆ.ಜಿ., 10 ಮಿ.ಮೀ. ಒಳಗಿನ ಸಣ್ಣ ಜಲ್ಲಿ 52 ಕೆ.ಜಿ., ನೀರು 8.4 ಲೀಟರ್, 12 ಮಿ.ಮೀ. ಪಾಲಿಪ್ರೊಪಿಲೀನ್ ಫೈಬರ್ 45 ಗ್ರಾಂ. ಜೊತೆಗೆ ನೀರು ಹೆಚ್ಚಿಸದೆ ಮಿಶ್ರಣವನ್ನು ಸಡಿಲ ಮಾಡುವ ಪಿಸಿಇ (ಪಾಲಿಕಾರ್ಬಾಕ್ಸಿಲೇಟ್ ಈಥರ್) ಬಗೆಯ ಸೂಪರ್ ಪ್ಲಾಸ್ಟಿಸೈಸರ್ ಸುಮಾರು 170 ಗ್ರಾಂ, ಅಂದರೆ ಸಿಮೆಂಟಿನ ತೂಕದ ಶೇ. 0.8. ಡಬ್ಬಿಯ ಮೇಲೆ ಬೇರೆ ಪ್ರಮಾಣ ಬರೆದಿದ್ದರೆ ಅದನ್ನೇ ಪಾಲಿಸಿ. ಹೆಚ್ಚಾದರೆ ಜಲ್ಲಿ ತಳಕ್ಕಿಳಿದು ಸಿಮೆಂಟಿನ ಹಾಲು ಮೇಲೆ ನಿಲ್ಲುತ್ತದೆ, ಗಟ್ಟಿಯಾಗುವುದೂ ತಡವಾಗುತ್ತದೆ. ಪ್ಲಾಸ್ಟರಿಂಗಿನ ಪಿ-ಸ್ಯಾಂಡ್ ಬೇಡವೇ ಬೇಡ. ಅದರ ನುಣ್ಣನೆ ಪುಡಿ ನೀರು ಕುಡಿಯುತ್ತದೆ.

ಬಾಂಡ್ಲಿ ಲೆಕ್ಕ ಇಲ್ಲಿ ನಡೆಯದು. ಒದ್ದೆ ಮರಳು ಉಬ್ಬುತ್ತದೆ, ಹಾಗಾಗಿ ಒಂದು ಬಾಂಡ್ಲಿಗೂ ಇನ್ನೊಂದಕ್ಕೂ ತೂಕ ಹೊಂದುವುದಿಲ್ಲ. ಎಲ್ಲವನ್ನೂ ತಕ್ಕಡಿಯಲ್ಲೇ ತೂಗಿ. ಮರಳಿನೊಳಗಿನ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ. 37 ಕೆ.ಜಿ. ಮರಳಿನಲ್ಲಿ ಶೇ. 4 ತೇವವಿದ್ದರೆ ಸುಮಾರು ಒಂದೂವರೆ ಲೀಟರ್ ನೀರು ಅಲ್ಲೇ ಅಡಗಿರುತ್ತದೆ. ಅದನ್ನು ಕಳೆಯದಿದ್ದರೆ ನೀರು-ಸಿಮೆಂಟ್ ಅನುಪಾತ 0.40ರಿಂದ 0.47ಕ್ಕೆ ಏರುತ್ತದೆ. ಒಂದು ಕೆ.ಜಿ. ಮರಳನ್ನು ಬಾಣಲೆಯಲ್ಲಿ ಹುರಿದು ಮತ್ತೆ ತೂಗಿದರೆ ಎಷ್ಟು ತೇವವಿದೆ ಎಂಬುದು ತಿಳಿಯುತ್ತದೆ. ಹೆಚ್ಚುವರಿ ನೀರು ಆರಿಹೋದ ಮೇಲೆ ಅದಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಮುಂದೆ ಸಾರು, ಎಣ್ಣೆ ಇಳಿಯುವುದು ಆ ರಂಧ್ರಗಳಲ್ಲೇ. ಮಿಶ್ರಣ ಗಟ್ಟಿ ಎನಿಸಿ ಚೊಂಬು ನೀರು ಸುರಿಯುವ ಅಭ್ಯಾಸ ಕೆಲಸಗಾರರಿಗೆ ಇರುತ್ತದೆ. ಆ ಹೊತ್ತಿನಲ್ಲಿ ಚೊಂಬು ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ಸಡಿಲ ಮಾಡಲು ಪ್ಲಾಸ್ಟಿಸೈಸರ್ ಇದೆ.

ಬಣ್ಣಕ್ಕೆ ಐರನ್ ಆಕ್ಸೈಡ್ ಪುಡಿ, ಸಿಮೆಂಟಿನ ತೂಕದ ಶೇ. 3 ಅಂದರೆ 630 ಗ್ರಾಂ. ಶೇ. 10 ದಾಟಬಾರದು. ಬೂದು ಸಿಮೆಂಟಿನಲ್ಲಿ ಹಳದಿ ಮಂಕಾಗುತ್ತದೆ, ತಿಳಿ ಬಣ್ಣಗಳಿಗೆ ಬಿಳಿ ಸಿಮೆಂಟೇ ಬೇಕು. ಕಲಸುವುದನ್ನು ಎರಡು ಮೂರು ಕಂತಿನಲ್ಲಿ ಮಾಡುವುದಾದರೆ ಪ್ರತಿ ಕಂತಿಗೂ ನೀರು, ಬಣ್ಣ ಎರಡೂ ಒಂದೇ ತೂಕದಲ್ಲಿರಲಿ. ಇಲ್ಲವಾದರೆ ಕಂತುಗಳು ಕೂಡಿದ ಕಡೆ ಬಣ್ಣದ ಗೆರೆ ಎದ್ದು ಕಾಣುತ್ತದೆ.

ಸುರಿಯುವ ಕ್ರಮ ಹೀಗೆ: ಮೊದಲು 25 ಮಿ.ಮೀ. ತುಂಬಿ, ಕೆಳಗಿನಿಂದ ಅಚ್ಚನ್ನು ರಬ್ಬರ್ ಸುತ್ತಿಗೆಯಿಂದ ಬಡಿದು ಗಾಳಿ ಬಿಡಿಸಿ. ವೈಬ್ರೇಟರ್ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಮೇಲೆ 2 ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಸಿ, ತಡಮಾಡದೆ ಉಳಿದ 15 ಮಿ.ಮೀ. ತುಂಬಿ ಮತ್ತೆ ಬಡಿಯಿರಿ. ತಿರುಗಿಸಿದಾಗ ಮೆಶ್ ಕಟ್ಟೆಯ ಕೆಳಭಾಗಕ್ಕೆ ಬರುತ್ತದೆ. ಎರಡು ಆಸರೆಗಳ ನಡುವೆ ಎಳೆತ ಬೀಳುವುದು ಅಲ್ಲೇ. ಹೊರಚಾಚಿದ ಭಾಗದಲ್ಲಿ ಮಾತ್ರ ಎಳೆತ ಮೇಲ್ಭಾಗದಲ್ಲಿರುತ್ತದೆ, ಅಲ್ಲಿಗೆ ಬೇರೆ ಸರಳು ಕೊಡಬೇಕು. ಯಾವ ಸರಳೂ ಮೇಲ್ಮೈಗೆ 15 ಮಿ.ಮೀ.ಗಿಂತ ಹತ್ತಿರ ಬರದಿರಲಿ, ಬಂದರೆ ಅದರ ನೆರಳು ಗೆರೆಯಾಗಿ ಮೂಡುತ್ತದೆ.

ಬಿರುಕು ಬಿಡುವ ಕಡೆ ಬಹುಮಟ್ಟಿಗೆ ಒಂದೇ: ಸಿಂಕಿನ ಒಳಮೂಲೆ. ಕಾಂಕ್ರೀಟ್ ಒಣಗುತ್ತಾ ಕುಗ್ಗುವಾಗ ಎಳೆತವೆಲ್ಲ ಆ ಮೂಲೆಯಲ್ಲಿ ಸೇರುತ್ತದೆ. ಚೂಪಾದ ಮೂಲೆ ಬಿಡಲೇಬೇಡಿ, ಥರ್ಮೋಕೋಲಿನ ಮೂಲೆಯನ್ನು ಕನಿಷ್ಠ 20 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ಉಜ್ಜಿ. ಸಿಂಕಿನ ಹಿಂದೆ ಮುಂದೆ ಉಳಿಯುವ ಮೂರು ನಾಲ್ಕು ಇಂಚಿನ ಪಟ್ಟಿಗಳಲ್ಲಿ 6 ಮಿ.ಮೀ. ಸರಳನ್ನು ಸಿಂಕಿನಾಚೆ ಎರಡೂ ಕಡೆ ಒಂದೊಂದು ಅಡಿ ಸಾಗುವಂತೆ ಇಡಿ, ಪ್ರತಿ ಮೂಲೆಗೂ ಅಡ್ಡಲಾಗಿ ಓರೆಯಾಗಿ ಒಂದು ತುಂಡು ಸರಳು ಹಾಕಿ.

ಸುರಿದ ಕೆಲವು ಗಂಟೆಗಳಲ್ಲಿ ಪ್ಲಾಸ್ಟಿಕ್ ಹೊದಿಸಿ, ಮೂರು ನಾಲ್ಕು ದಿನ ಅಚ್ಚಿನಲ್ಲೇ ಬಿಡಿ. ನಂತರ ಪಕ್ಕಗಳನ್ನು ಬಿಚ್ಚಿ, ನಾಲ್ಕು ಜನ ಸೇರಿ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿ ಹೊತ್ತರೆ ಸಿಂಕಿನ ಪಟ್ಟಿ ಮುರಿಯುವುದು ಖಂಡಿತ. ಸಾಗಿಸುವಾಗ ಆ ಪಟ್ಟಿಗೆ ರೀಪರ್ (ಮರದ ಪಟ್ಟಿ) ಕಟ್ಟಿ, ಕ್ಲಾಂಪ್ ಹಾಕಿ. ಕ್ಯೂರಿಂಗ್ ವಿಷಯದಲ್ಲಿ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ಓಪಿಸಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಹೇಳುತ್ತದೆ. ಒದ್ದೆ ಗೋಣಿಚೀಲವನ್ನು ನೇರವಾಗಿ ಹಾಸಬೇಡಿ, ಸೆಣಬಿನ ಕಂದು ಕಲೆ ಇಳಿಯುತ್ತದೆ. ಪ್ಲಾಸ್ಟಿಕ್ ಅಲ್ಲಲ್ಲಿ ಅಂಟಿ ಅಲ್ಲಲ್ಲಿ ಎದ್ದಿದ್ದರೆ ಮಚ್ಚೆ ಮಚ್ಚೆಯಾಗುತ್ತದೆ. ಬಿಳಿ ಹತ್ತಿಬಟ್ಟೆ ಒದ್ದೆ ಮಾಡಿ ಹಾಸಿ, ಮೇಲೆ ಪ್ಲಾಸ್ಟಿಕ್ ಹೊದಿಸುವುದು ಒಳ್ಳೆಯದು. ಆಮೇಲೆ ಒಣಗಿಸುವಾಗ ರೀಪರ್‌ಗಳ ಮೇಲೆ ಇಟ್ಟು ಎರಡೂ ಬದಿಗೆ ಗಾಳಿ ಆಡಲು ಬಿಡಿ. ಒಂದೇ ಬದಿ ಒಣಗಿದರೆ ತುದಿಗಳು ಮೇಲೇಳುತ್ತವೆ.

ಉಜ್ಜುವುದು ವೇಗ ಬದಲಿಸಬಹುದಾದ ಗ್ರೈಂಡರಿನಲ್ಲಿ, ನೀರು ಬಿಡುತ್ತಾ, ಡೈಮಂಡ್ ಪ್ಯಾಡುಗಳಿಂದ: 100, 200, 400 ಗ್ರಿಟ್, ಸಂಖ್ಯೆ ಹೆಚ್ಚಿದಷ್ಟೂ ಪ್ಯಾಡು ನುಣುಪು. ಜಲ್ಲಿ ಕಾಣಬೇಕೆಂದರೆ 50ರಿಂದ ಶುರುಮಾಡಿ. 200 ಆದ ಮೇಲೆ ಕಾಣುವ ಗುಳಿಗಳಿಗೆ ಅದೇ ಸಿಮೆಂಟು, ಅದೇ ಬಣ್ಣ ಕಲಸಿ ಕೈಯಿಂದ ತಿಕ್ಕಿ, ಎರಡು ದಿನ ತೇವದಲ್ಲಿಟ್ಟು 400 ಕೊಡಿ. ನೀರು ಬಿಡದೆ ಉಜ್ಜಲೇಬೇಡಿ. ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಇಳಿದರೆ ವಾಸಿಯಾಗದ ಕಾಯಿಲೆ. ನೀರೂ ಕರೆಂಟೂ ಒಟ್ಟಿಗೆ ಇರುವುದರಿಂದ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಇಲ್ಲದ ಲೈನಿನಲ್ಲಿ ಈ ಕೆಲಸ ಬೇಡ. ಹಸಿ ಸಿಮೆಂಟು ಚರ್ಮ ಸುಡುತ್ತದೆ, ಕೈಗವಸು ಮೊದಲ ದಿನದಿಂದಲೇ ಇರಲಿ.

ಸೀಲರ್ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಒಳಗೆ ಇಳಿಯುವ ಸೈಲೇನ್-ಸೈಲೋಕ್ಸೇನ್ ನೀರನ್ನು ತಳ್ಳುತ್ತದೆ, ಮೇಲ್ಮೈಯ ನೋಟ ಬದಲಾಗುವುದಿಲ್ಲ. ಆದರೆ ಹುಳಿಯನ್ನು ತಡೆಯಲಾರದು. ಹುಣಸೆಯ ಟಾರ್ಟಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ ಸಿಮೆಂಟಿನ ಸುಣ್ಣದ ಅಂಶವನ್ನೇ ತಿನ್ನುತ್ತವೆ. ನಿಂಬೆಹೋಳು ಕವುಚಿಟ್ಟ ಜಾಗದಲ್ಲಿ ಹೊಳಪು ಹೋಗಿ, ಬೆರಳಾಡಿಸಿದರೆ ತರಿತರಿಯಾದ ಬಿಳಿ ಉಂಗುರ ಉಳಿಯುತ್ತದೆ. ಅರಿಶಿನದ ಕತೆ ಇನ್ನೊಂದು. ಸೀಲ್ ಇಲ್ಲದ ಹೊಸ ಕಾಂಕ್ರೀಟಿನ ಮೇಲೆ ಒದ್ದೆ ಅರಿಶಿನ ಬಿದ್ದರೆ ಹಳದಿ ಹೋಗಿ ಕೆಂಪಾಗುತ್ತದೆ, ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡಿದ ಹಾಗೆ. ಎರಡರಲ್ಲೂ ಕ್ಷಾರದ್ದೇ ಕೆಲಸ. ಈ ಕಲೆ ಬಿಸಿಲಿಗೆ ನಿಧಾನವಾಗಿ ಮಂಕಾಗುತ್ತದೆ, ಆದರೆ ಅಡುಗೆಮನೆಯೊಳಗೆ ಅಷ್ಟು ಬಿಸಿಲು ಎಲ್ಲಿಂದ ಬರಬೇಕು?

ಎರಡನೆಯ ಬಗೆ, ಮೇಲೆ ಪದರ ಕಟ್ಟುವ ಎರಡು ಡಬ್ಬಿಯ ಪಾಲಿಯುರೆಥೇನ್ (ಪಿಯು). ಹುಳಿಯನ್ನೂ ಅರಿಶಿನವನ್ನೂ ತಡೆಯುವುದು ಇದೇ. ಅದರ ಬೆಲೆಯಾಗಿ ಗೀರು ಬೀಳುತ್ತದೆ, ಬಿಸಿ ಕುಕ್ಕರ್ ನೇರವಾಗಿಟ್ಟರೆ ಪದರ ಬೆಳ್ಳಗಾಗುತ್ತದೆ ಇಲ್ಲವೇ ಏಳುತ್ತದೆ. ದಿನವೂ ಸಾರು, ಹುಳಿ, ಚಿತ್ರಾನ್ನ ಆಗುವ ಮನೆಗೆ ನಾನು ಹೇಳುವುದು ಮ್ಯಾಟ್ ಪಿಯು, ತೆಳುವಾಗಿ ಎರಡು ಮೂರು ಕೋಟು, ಜೊತೆಗೆ ಸ್ಟವ್ ಪಕ್ಕ ಒಂದು ಮರದ ಮಣೆ. ಹಚ್ಚುವ ಮುನ್ನ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡಿ. ತೆಗೆದಾಗ ಹನಿಯೋ ಕಪ್ಪು ಮಚ್ಚೆಯೋ ಕಂಡರೆ ಇನ್ನೂ ಒಣಗಿಲ್ಲ. ಆಗ ಹಚ್ಚಿದ ಪದರ ಹಾಲಿನಂತೆ ಮಸುಕಾಗುತ್ತದೆ. ಅದೇ ಮಿಶ್ರಣದಲ್ಲಿ ಒಂದು ಅಡಿಯ ಮಾದರಿ ಹಲಗೆಯನ್ನೂ ಎರಕ ಹೊಯ್ದಿಡಿ. ಅದಕ್ಕೆ ಸೀಲರ್ ಹಚ್ಚಿ, ಹುಣಸೆರಸ, ನಿಂಬೆ, ಅರಿಶಿನದ ಒಗ್ಗರಣೆ, ಉಪ್ಪಿನಕಾಯಿ ರಸ ಇವನ್ನು ಹತ್ತು ನಿಮಿಷ, ಒಂದು ಗಂಟೆ, ಒಂದು ರಾತ್ರಿ ಬಿಟ್ಟು ಒರೆಸಿ ನೋಡಿ. ಮಾರುವವರ ಮಾತಿಗಿಂತ ಆ ಹಲಗೆಯನ್ನು ನಂಬಿ.

ಕೂರಿಸುವಾಗ ಗಾರೆ ಹಾಕಿ ಬಿಗಿಮಾಡಬೇಡಿ, ಅಡಿಗೊಂದರಂತೆ ಸಿಲಿಕೋನ್ ಬೊಟ್ಟು ಸಾಕು. ಕಾಂಕ್ರೀಟ್ ಕುಗ್ಗಲು ಜಾಗ ಬೇಕು. ಗೋಡೆಯ ಕಡೆ 3 ಮಿ.ಮೀ. ಸಂದು ಬಿಟ್ಟು ಅದನ್ನೂ ಸಿಲಿಕೋನಿನಿಂದಲೇ ಮುಚ್ಚಿ.

ದಿನದ ಬಳಕೆಯಲ್ಲಿ ಒದ್ದೆ ಕಬ್ಬಿಣದ ಕಾವಲಿ ರಾತ್ರಿಯಿಡೀ ಕಟ್ಟೆಯ ಮೇಲೆ ಕೂರದಿರಲಿ, ತುಕ್ಕಿನ ಉಂಗುರ ಹೋಗುವುದು ಕಷ್ಟ. ವಿನೆಗರ್, ಬಾತ್‌ರೂಮ್ ಆ್ಯಸಿಡ್, ಸ್ಟೀಲ್ ನಾರು ಮೂರೂ ನಿಷಿದ್ಧ, ಸೌಮ್ಯವಾದ ಸೋಪಿನ ನೀರು ಸಾಕು. ಒಳಗಿಳಿಯುವ ಸೀಲರ್ ಇರುವ ಕಟ್ಟೆಯಲ್ಲಿ ಹುಳಿ ತಿಂದ ಜಾಗವನ್ನು 400ರ ಪ್ಯಾಡಿನಿಂದ ಕೈಯಲ್ಲೇ ತಿಕ್ಕಿ, ತೊಳೆದು ಒಣಗಿಸಿ, ಅಷ್ಟಕ್ಕೇ ಸೀಲರ್ ಹಚ್ಚಬಹುದು. ಪಿಯು ಪದರ ಎದ್ದರೆ ತೇಪೆ ಎದ್ದು ಕಾಣುತ್ತದೆ, ಪೂರ್ತಿ ಉಜ್ಜಿ ಹೊಸದಾಗಿಯೇ ಹಚ್ಚಬೇಕು. ಅಂಚು ಚಕ್ಕೆ ಎದ್ದರೆ ಅದೇ ಬಣ್ಣದ ಸಿಮೆಂಟೇ ಬೇಕಾಗುತ್ತದೆ. ಬೇರೆ ಚೀಲದ ಸಿಮೆಂಟು ಬಣ್ಣ ಹೊಂದುವುದಿಲ್ಲ, ಹಾಗಾಗಿ ಎರಕದ ದಿನವೇ ಬಣ್ಣ ಬೆರೆಸಿದ ಒಣ ಸಿಮೆಂಟು ಅರ್ಧ ಕೆ.ಜಿ. ತೆಗೆದು ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡಿ.