ಹುಬ್ಬಿನ ನಡುವಿನ ಗೆರೆಗೆ ವೈದ್ಯರನ್ನು ಹುಡುಕಿದ ಎರಡು ತಿಂಗಳು

ಕಳೆದ ವರ್ಷ ನನ್ನ ಅಕ್ಕನ ಎಡಗಣ್ಣಿನ ರೆಪ್ಪೆ ಸುಮಾರು ಐದು ವಾರಗಳ ಕಾಲ ಅರ್ಧ ಮುಚ್ಚಿಕೊಂಡೇ ಇತ್ತು. ಹುಬ್ಬುಗಳ ನಡುವಿನ ಗೆರೆಗಳಿಗೆಂದು ನಗರದ ಒಂದು ಕ್ಲಿನಿಕ್‌ನಲ್ಲಿ ಬೊಟಾಕ್ಸ್ ಚುಚ್ಚುಮದ್ದು ಹಾಕಿಸಿಕೊಂಡ ಐದನೆಯ ದಿನ ಅದು ಶುರುವಾಯಿತು. ಫೋನ್ ಮಾಡಿದಾಗಲೆಲ್ಲ ಅಲ್ಲಿನ ಸಿಬ್ಬಂದಿ ‘ಸರಿಹೋಗುತ್ತದೆ ಮೇಡಂ, ಕಾಯಿರಿ’ ಎಂದರೇ ಹೊರತು ವೈದ್ಯರು ಒಮ್ಮೆಯೂ ಮಾತಿಗೆ ಸಿಗಲಿಲ್ಲ. ಕೊನೆಗೆ ಮನೆಯ ಹತ್ತಿರದ ಚರ್ಮರೋಗ ತಜ್ಞರ ಬಳಿ ಹೋದೆವು. ಯಾವ ಕಂಪನಿಯ ಔಷಧ, ಎಷ್ಟು ಯೂನಿಟ್, ಯಾರು ಚುಚ್ಚಿದರು ಎಂದು ಅವರು ಕೇಳಿದ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಅಕ್ಕನ ಬಳಿ ಉತ್ತರವಿರಲಿಲ್ಲ. ಬಿಲ್ಲಿನಲ್ಲಿ ‘ಫೇಸ್ ಪ್ಯಾಕೇಜ್’ ಎಂದಷ್ಟೇ ಬರೆದಿತ್ತು.

ರೆಪ್ಪೆ ಜೋತುಬೀಳುವುದು ಈ ಚಿಕಿತ್ಸೆಯ ಅಪರೂಪದ, ಆದರೆ ವೈದ್ಯರಿಗೆಲ್ಲ ಗೊತ್ತಿರುವ ಅಡ್ಡಪರಿಣಾಮ. ಬೊಟಾಕ್ಸ್‌ನಲ್ಲಿರುವ ಬೊಟುಲಿನಮ್ ಟಾಕ್ಸಿನ್ ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ತಡೆದು ಸ್ನಾಯುವನ್ನು ಸಡಿಲಗೊಳಿಸುತ್ತದೆ. ಅದು ರೆಪ್ಪೆಯನ್ನು ಎತ್ತುವ ಸ್ನಾಯುವಿನವರೆಗೆ ಹರಡಿದರೆ ರೆಪ್ಪೆ ಕೆಳಗಿಳಿಯುತ್ತದೆ, ಔಷಧದ ಪ್ರಭಾವ ಕುಗ್ಗಿದಂತೆ ಮೇಲೇರುತ್ತದೆ. ನುರಿತವರ ಕೈಯಲ್ಲಿಯೂ ಇದು ಒಮ್ಮೊಮ್ಮೆ ಆಗಬಹುದು ಎಂದು ಆ ವೈದ್ಯರೇ ಹೇಳಿದರು. ಆದ್ದರಿಂದ ರೆಪ್ಪೆ ಬಿದ್ದದ್ದಕ್ಕಾಗಿ ನಾನು ಆ ಕ್ಲಿನಿಕ್ಕನ್ನು ದೂರುವುದಿಲ್ಲ. ಒಂದು ಹೆಣ್ಣುಮಗಳ ಮುಖಕ್ಕೆ ಸೂಜಿ ಹಾಕಿ, ಏನು ಹಾಕಿದೆವೆಂದು ಒಂದು ಸಾಲನ್ನೂ ಬರೆದುಕೊಡದೆ ಕಳಿಸಿದ್ದನ್ನು ಮಾತ್ರ ಇಂದಿಗೂ ಕ್ಷಮಿಸಲಾರೆ.

ಈ ವರ್ಷ ಅದೇ ಚಿಕಿತ್ಸೆಯನ್ನು ನಾನೂ ಮಾಡಿಸಿಕೊಳ್ಳಲು ಬಯಸಿದಾಗ ಮನೆಯಲ್ಲಿ ಯಾರಿಗೂ ಒಪ್ಪಿಗೆಯಿರಲಿಲ್ಲ. ನಾನು ಕಾಲೇಜಿನಲ್ಲಿ ಪಾಠ ಮಾಡುವವಳು. ಹುಬ್ಬಿನ ನಡುವಿನ ಗೆರೆ ನೋಡಿ ‘ಮೇಡಂ, ನಮ್ಮ ಮೇಲೆ ಕೋಪವೇ?’ ಎಂದು ಮಕ್ಕಳು ಕೇಳುವುದು ನನಗೆ ನಿಜಕ್ಕೂ ನೋವಾಗುವಷ್ಟು ಹೆಚ್ಚಾಗಿತ್ತು. ಈ ಬಯಕೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲವೆಂದು ನಂಬಿದ್ದೇನೆ. ಆದರೆ ಅಕ್ಕನಿಗೆ ಆದದ್ದನ್ನು ಕಣ್ಣಾರೆ ಕಂಡಿದ್ದರಿಂದ ಸ್ಥಳವನ್ನು ಆರಿಸಲು ಎರಡು ತಿಂಗಳು ತೆಗೆದುಕೊಂಡೆ.

ಮಲ್ಲೇಶ್ವರದಿಂದ ಇಂದಿರಾನಗರದವರೆಗೆ ‘ಸ್ಕಿನ್ ಅಂಡ್ ಹೇರ್’ ಎಂಬ ಬೋರ್ಡಿಲ್ಲದ ಮುಖ್ಯರಸ್ತೆ ಈಗ ಅಪರೂಪ. ಬೋರ್ಡಿನ ಹಿಂದೆ ಯಾರಿದ್ದಾರೆ ಎಂಬುದನ್ನು ತಿಳಿಯುವುದು ಅಷ್ಟೇನೂ ಕಷ್ಟವಲ್ಲ. ಚರ್ಮರೋಗ ತಜ್ಞರಾದರೆ ಎಂಬಿಬಿಎಸ್ ನಂತರ ಚರ್ಮರೋಗದಲ್ಲಿಯೇ ಎಂ.ಡಿ. (ಡಿವಿಎಲ್ ಎಂದು ಬರೆದಿರುತ್ತದೆ), ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿರುತ್ತಾರೆ. ಪ್ಲಾಸ್ಟಿಕ್ ಸರ್ಜನ್ ಆದರೆ ಸಾಮಾನ್ಯವಾಗಿ ಎಂ.ಸಿಎಚ್. ಇರುತ್ತದೆ. ‘ಕಾಸ್ಮೆಟಾಲಜಿಸ್ಟ್’ ಎಂಬ ಪದ ಮಾತ್ರ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಕೆಲವು ದಿನಗಳ ಕೋರ್ಸ್ ಮುಗಿಸಿದವರೂ ಆ ಹೆಸರನ್ನು ಹಾಕಿಕೊಳ್ಳುತ್ತಾರೆ. ವೈದ್ಯರ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕ್ಲಿನಿಕ್ಕಿನಲ್ಲಿ, ಔಷಧದ ಚೀಟಿಯಲ್ಲಿ, ಹಣದ ರಸೀದಿಯಲ್ಲಿಯೂ ಕಾಣುವಂತಿರಬೇಕೆಂದು 2002ರ ವೈದ್ಯಕೀಯ ವೃತ್ತಿ ನಡವಳಿಕೆಯ ನಿಯಮಗಳು ಹೇಳುತ್ತವೆ. ಅಕ್ಕನ ಬಿಲ್ಲಿನಲ್ಲಿ ಅದೂ ಇರಲಿಲ್ಲವೆಂದು ಆಮೇಲೆ ನೋಡಿಕೊಂಡೆವು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ, ಅಂದರೆ ಜನ ಕೆಪಿಎಂಇ ಎಂದು ಕರೆಯುವ ಕಾನೂನಿನಡಿ, ಸಂಸ್ಥೆಯ ನೋಂದಣಿಯೂ ಆಗಿರಬೇಕು. ಆದರೆ ಆ ಪತ್ರ ಸ್ಥಳದ ಬಗ್ಗೆ ಹೇಳುತ್ತದೆಯೇ ವಿನಾ ಸೂಜಿ ಹಿಡಿಯುವ ಕೈಯ ಬಗ್ಗೆ ಹೇಳುವುದಿಲ್ಲ. ‘ಚುಚ್ಚುವವರು ನೀವೇ ತಾನೇ?’ ಎಂದು ಬಾಯಿಬಿಟ್ಟು ಕೇಳಲೇಬೇಕು.

ದರದ ವಿಷಯದಲ್ಲಿ ನಾನು ಮೊದಲು ಎಡವಿದೆ. ಒಂದು ಕಡೆ ಯೂನಿಟ್ಟಿಗೆ ಇಷ್ಟು ಎಂದರೆ, ಇನ್ನೊಂದು ಕಡೆ ಹಣೆಗೆ ಇಷ್ಟು ಎನ್ನುತ್ತಿದ್ದರು. ಎರಡನ್ನೂ ಹೋಲಿಸಿ ಅಗ್ಗವಾದದ್ದನ್ನು ಗುರುತು ಹಾಕಿಕೊಂಡಿದ್ದೆ. ಆಮೇಲೆ ತಿಳಿಯಿತು, ಒಂದು ಕಂಪನಿಯ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮವಲ್ಲ. ಬೊಟಾಕ್ಸ್ ಆದರೆ ಹುಬ್ಬಿನ ನಡುವಿನ ಗೆರೆಗಳಿಗೆ ಐದು ಕಡೆ ಒಟ್ಟು 20 ಯೂನಿಟ್ ಎಂಬುದು ನಿಗದಿತ ಪ್ರಮಾಣ; ಇನ್ನೊಂದು ಕಂಪನಿಯ ಇದೇ ಬಗೆಯ ಔಷಧವಾದ ಡಿಸ್ಪೋರ್ಟ್ ಆದರೆ ಸಂಖ್ಯೆಯೇ ಬೇರೆ. ಈ ಔಷಧ ಪುಡಿಯ ರೂಪದಲ್ಲಿ ಸಣ್ಣ ಸೀಸೆಯಲ್ಲಿ ಬರುತ್ತದೆ, ಸಲೈನ್ ಎಂಬ ಉಪ್ಪುನೀರಿನ ದ್ರಾವಣ ಬೆರೆಸಿದ ಮೇಲೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಹೆಚ್ಚು ಸಲೈನ್ ಬೆರೆಸಿದರೆ ಅದೇ ಸಿರಿಂಜಿನಲ್ಲಿ ಔಷಧ ಕಡಿಮೆ ಇರುತ್ತದೆ, ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ಸೀಸೆಯ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳನ್ನು ನನ್ನ ಕಣ್ಣೆದುರು ತೋರಿಸಬೇಕೆಂದು ಎಲ್ಲ ಕಡೆಯೂ ಕೇಳಿದೆ. ಒಂದು ಕಡೆ ಮುಖ ಗಂಟಿಕ್ಕಿದರು. ಅಲ್ಲಿಂದ ಎದ್ದು ಬಂದೆ.

ಫಿಲ್ಲರ್ ಎಂದರೆ ಮುಖದ ತಗ್ಗುಗಳನ್ನು ತುಂಬಲು ಚರ್ಮದಡಿ ಚುಚ್ಚುವ ವಸ್ತು. ನಾನು ಅದನ್ನು ಹಾಕಿಸಿಕೊಳ್ಳುವವಳಲ್ಲದಿದ್ದರೂ, ತುರ್ತಿಗೆ ಎಷ್ಟು ಸಿದ್ಧರಿದ್ದಾರೆಂದು ತಿಳಿಯಲು ಮೂರು ಕ್ಲಿನಿಕ್‌ಗಳಲ್ಲಿ ಅದರ ಬಗ್ಗೆಯೇ ಒಂದು ಪ್ರಶ್ನೆಯನ್ನು ಕೇಳಿದೆ. ಫಿಲ್ಲರ್ ರಕ್ತನಾಳದೊಳಗೆ ಹೋದರೆ ಆ ಭಾಗದ ಚರ್ಮ ಬಿಳಿಚಿಕೊಂಡು ಸಾಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಮೂಗು ಮತ್ತು ಎರಡು ಹುಬ್ಬುಗಳ ನಡುವಿನ ಜಾಗ, ಇವೆರಡೂ ಇದಕ್ಕೆ ಹೆಚ್ಚು ಅಪಾಯಕಾರಿ. ಹೈಯಲುರೋನಿಕ್ ಆಸಿಡ್ ಎಂಬ ವಸ್ತುವಿನ ಫಿಲ್ಲರ್ ಆಗಿದ್ದರೆ ಅದನ್ನು ಕರಗಿಸಲು ಹೈಯಲುರೋನಿಡೇಸ್ ಎಂಬ ಔಷಧವಿದೆ, ಆದರೆ ಅದು ಬೇಗ ಸಿಗಬೇಕು. ‘ಹೀಗಾದರೆ ಏನು ಮಾಡುತ್ತೀರಿ?’ ಎಂಬುದೇ ನನ್ನ ಪ್ರಶ್ನೆ. ಮೊದಲನೆಯವರು ‘ನಮ್ಮಲ್ಲಿ ಹಾಗೆಲ್ಲ ಆಗುವುದೇ ಇಲ್ಲ’ ಎಂದರು. ಎರಡನೆಯವರು ಬೇಕಾದಾಗ ತರಿಸಿಕೊಳ್ಳುತ್ತೇವೆ ಎಂದರು. ಮೂರನೆಯ ಕಡೆ ವೈದ್ಯೆ ಎದ್ದು ಹೋಗಿ ಫ್ರಿಜ್ ತೆರೆದು ಸೀಸೆಗಳನ್ನು ತೋರಿಸಿದರು, ಗೋಡೆಯ ಮೇಲೆ ಅಂಟಿಸಿದ್ದ ತುರ್ತು ಕ್ರಮದ ಹಾಳೆಯನ್ನು ತೋರಿಸಿದರು, ಕಣ್ಣು ಮಂಜಾಯಿತು ಎಂದರೆ ಯಾವ ಕಣ್ಣಿನ ಆಸ್ಪತ್ರೆಗೆ ಕಳಿಸುತ್ತೇನೆ ಎಂಬುದನ್ನೂ ಹೇಳಿದರು. ಮೂಗಿಗೆ ಫಿಲ್ಲರ್ ಹಾಕುವುದನ್ನು ತಾವು ನಿಲ್ಲಿಸಿಬಿಟ್ಟಿದ್ದೇವೆ ಎಂಬುದನ್ನು ಅವರು ತಾವಾಗಿಯೇ ಸೇರಿಸಿದರು. ಅಂದೇ ನನ್ನ ಹುಡುಕಾಟ ಮುಗಿಯಿತು.

ಅವರು ಮೊದಲ ದಿನ ಸೂಜಿಯನ್ನೇ ಮುಟ್ಟಲಿಲ್ಲ. ಗರ್ಭಿಣಿಯೇ, ಹಾಲುಣಿಸುತ್ತಿದ್ದೀರಾ, ಮಯಾಸ್ತೇನಿಯಾ ಗ್ರೇವಿಸ್‌ನಂತಹ ನರಸ್ನಾಯು ರೋಗವಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ವಿವರವಾಗಿ ಕೇಳಿ ಬರೆದುಕೊಂಡರು. ಹುಬ್ಬು ಗಂಟಿಕ್ಕಿಸಿ, ಸಡಿಲ ಬಿಡಿಸಿ ಫೋಟೊ ತೆಗೆದರು. ಕಣ್ಣಿನ ಕೆಳಗೂ ಏನಾದರೂ ಮಾಡಬಹುದೇ ಎಂದು ನಾನು ಕೇಳಿದಾಗ, ಅಲ್ಲಿ ಅಗತ್ಯವಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ‘ಇವತ್ತೇ ಮಾಡಿಸಿದರೆ ರಿಯಾಯಿತಿ’ ಎಂಬ ಮಾತನ್ನು ಬೇರೆ ಎರಡು ಕಡೆ ಕೇಳಿ ಬಂದವಳಿಗೆ, ಮನೆಗೆ ಹೋಗಿ ಯೋಚಿಸಿ ಬನ್ನಿ ಎಂದ ಈ ಮಾತು ಎಷ್ಟು ನೆಮ್ಮದಿ ಕೊಟ್ಟಿತೆಂದು ಹೇಳಲಾರೆ.

ಇಷ್ಟಾದರೂ ತೊಂದರೆಯಾದರೆ ಮುಚ್ಚಿಡಬಾರದೆಂದು ಅಕ್ಕನ ಅನುಭವದಿಂದ ಕಲಿತಿದ್ದೇನೆ. ಮೂರು ವಾರ ಅವಳು ಮನೆಯಿಂದಾಚೆ ಬರಲೇ ಇಲ್ಲ. ಬೌರಿಂಗ್, ವಿಕ್ಟೋರಿಯಾದಂತಹ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಚರ್ಮರೋಗ ವಿಭಾಗಗಳಿವೆ. ಫಿಲ್ಲರ್ ಹಾಕಿಸಿಕೊಂಡವರಿಗೆ ತೀವ್ರ ನೋವು ಬಂದರೆ, ಚರ್ಮ ಬಿಳಿಚಿದರೆ ಅಥವಾ ಕಣ್ಣು ಮಂಜಾದರೆ ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ಹೊರಡಬೇಕು.

ನನ್ನ ಚಿಕಿತ್ಸೆ ಹತ್ತು ನಿಮಿಷದಲ್ಲಿ ಮುಗಿಯಿತು. ನಾಲ್ಕನೆಯ ದಿನದಿಂದ ಹುಬ್ಬು ಸಡಿಲವಾಗತೊಡಗಿತು, ಎರಡು ವಾರಕ್ಕೆ ಅವರೇ ಕರೆದು ನೋಡಿದರು. ಮೂರ್ನಾಲ್ಕು ತಿಂಗಳಲ್ಲಿ ಪರಿಣಾಮ ಇಳಿಯುತ್ತದೆ ಎಂಬುದನ್ನು ಮೊದಲೇ ತಿಳಿಸಿದ್ದರು. ಹೊರಡುವಾಗ ಕೊಟ್ಟ ಕಾರ್ಡಿನಲ್ಲಿ ದಿನಾಂಕ, ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಯಾವ ಬಿಂದುವಿಗೆ ಎಷ್ಟು ಯೂನಿಟ್ ಎಂಬ ಸಣ್ಣ ನಕ್ಷೆ, ಕೆಳಗೆ ಅವರ ಸಹಿ ಮತ್ತು ನೋಂದಣಿ ಸಂಖ್ಯೆ ಇವೆ. ಅದರ ಫೋಟೊವನ್ನು ಅಕ್ಕನಿಗೆ ಕಳಿಸಿದೆ. ಅವಳೂ ಆ ವೈದ್ಯೆಯ ಬಳಿ ಸಮಯ ಕೇಳಿದ್ದಾಳೆ, ಸದ್ಯಕ್ಕೆ ಮಾತಾಡಿ ಬರಲು ಮಾತ್ರ.