ಒಂದೇ ಹಾಡಿಗೆ ಒಂಬತ್ತು ರೆಕಾರ್ಡು ಯಾಕೆ?

ನಮ್ಮ ಮನೆಗೆ ಹೊಸದಾಗಿ ಬಂದವರ ಕಣ್ಣು ಮೊದಲು ಬೀಳೋದು ಹಾಲ್‌ನಲ್ಲಿರುವ ರೆಕಾರ್ಡುಗಳ ಕಪಾಟಿನ ಮೇಲೆ. ಒಳಗಿನಿಂದ ಕಾಫಿ ಬರುವಷ್ಟರಲ್ಲಿ ಒಂದೆರಡನ್ನು ಹೊರಗೆಳೆದಿರುತ್ತಾರೆ. ಕವರ್ ಹಿಂದೆ ತಿರುಗಿಸಿ ಪಟ್ಟಿ ಓದುತ್ತಾರೆ. ಆಮೇಲೆ ಆ ಪ್ರಶ್ನೆ ಬರುತ್ತದೆ.

"ಇದೇ ಹಾಡು ಇದರಲ್ಲೂ ಇದೆ, ಅದರಲ್ಲೂ ಇದೆ. ನುಡಿಸಿದವರೂ ಅವರೇ. ಒಂದು ಸಾಲಲ್ವಾ?"

ಹೋದ ಗಣೇಶನ ಹಬ್ಬಕ್ಕೆ ಊಟಕ್ಕೆ ಬಂದವರೊಬ್ಬರು ಎಣಿಸಿಯೇ ಬಿಟ್ಟರು. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕಾಲ್ಟ್ರೇನ್ ನುಡಿಸಿದ 'ಮೈ ಫೇವರಿಟ್ ಥಿಂಗ್ಸ್' ನನ್ನ ಹತ್ತಿರ ಒಂಬತ್ತು ಇವೆ. ಇದರ ಬಾಲ ಹಿಡಿದು ಎರಡನೇ ಪ್ರಶ್ನೆಯೂ ಬಂತು. "ಇಷ್ಟೆಲ್ಲ ಮನೇಲೇ ಇದ್ಮೇಲೆ ನ್ಯೂಯಾರ್ಕಿಗೆ ಹೋಗಿ ಟಿಕೆಟಿಗೆ ದುಡ್ಡು ಸುರಿಯೋದ್ಯಾಕೆ?" ನಾವಿರುವುದು ನ್ಯೂಜೆರ್ಸಿಯಲ್ಲಿ. ರೈಲಿನಲ್ಲಿ ಒಂದು ಗಂಟೆ ದಾರಿ. ಮೈಸೂರಿನಿಂದ ಫೋನ್ ಮಾಡುವ ಅಮ್ಮನ ಮಾತು ಇನ್ನೂ ನೇರ: "ಆ ಪೀಪಿ ಕೇಳೋಕೆ ರೈಲು ಹತ್ತಿ ಹೋಗ್ಬೇಕೇನೋ?"

ಎರಡಕ್ಕೂ ನನ್ನ ಉತ್ತರ ಒಂದೇ. ನಾನು ಕೂಡಿಡುತ್ತಿರುವುದು ಹಾಡುಗಳನ್ನಲ್ಲ, ಸಂಜೆಗಳನ್ನು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಹಾಡು 1959ರ 'ದ ಸೌಂಡ್ ಆಫ್ ಮ್ಯೂಸಿಕ್' ನಾಟಕದ್ದು. ಸಿನಿಮಾ ನೋಡಿದವರಿಗೆ ನೆನಪಿರುತ್ತದೆ, ಗುಡುಗಿಗೆ ಹೆದರಿದ ಮಕ್ಕಳಿಗೆ ಧೈರ್ಯ ಹೇಳುವ ಹಾಡು. 1960ರ ಅಕ್ಟೋಬರ್‌ನಲ್ಲಿ ಕಾಲ್ಟ್ರೇನ್ ಇದನ್ನು ಸ್ಟುಡಿಯೋದಲ್ಲಿ ನುಡಿಸಿದರು. ಹದಿನಾಲ್ಕು ನಿಮಿಷಕ್ಕೆ ತುಸು ಕಡಿಮೆ. ತಕಿಟ ತಕಿಟ ಅಂತ ಮೂರರ ನಡೆ. ಮೆಕಾಯ್ ಟೈನರ್ ಅವರ ಪಿಯಾನೊದಲ್ಲಿ ಎರಡೇ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲುಗಳು, ತಿರುಗಿ ತಿರುಗಿ ಬರುತ್ತವೆ. ಅದರ ಮೇಲೆ ಸೊಪ್ರಾನೊ ಸ್ಯಾಕ್ಸೊಫೋನ್. ತಂಬೂರಿ ಕೇಳುತ್ತಾ ಬೆಳೆದ ಕಿವಿಗೆ ಇದು ಮೊದಲ ಸಲವೇ ಪರಿಚಯದ ಹಾಗೆ ಕಾಣುತ್ತದೆ. ನನಗಂತೂ ಜಾಝ್ ಬಾಗಿಲು ತೆರೆದದ್ದು ಇದೇ.

ಎರಡನೆಯದು 1961ರ ಆಗಸ್ಟ್‌ನದು, ನ್ಯೂಯಾರ್ಕಿನ ವಿಲೇಜ್ ಗೇಟ್ ಎಂಬ ಕ್ಲಬ್ಬಿನಲ್ಲಿ ನುಡಿಸಿದ್ದು. ಎರಿಕ್ ಡಾಲ್ಫಿ ಜೊತೆಗಿದ್ದಾರೆ, ಕೊಳಲು ಹಿಡಿದು. ಅಲ್ಲಿನ ಎಂಜಿನಿಯರ್ ಹೊಸ ಧ್ವನಿವ್ಯವಸ್ಥೆಯನ್ನು ಪರೀಕ್ಷಿಸಲು ಒಂದೇ ಮೈಕು ಇಟ್ಟು ಟೇಪ್ ಮಾಡಿದ್ದು. ಎಲ್ವಿನ್ ಜೋನ್ಸ್ ಅವರ ಡ್ರಮ್ಸ್ ಪಕ್ಕದ ಅಡುಗೆಮನೆಯಲ್ಲಿ ಪಾತ್ರೆ ಉರುಳಿದಷ್ಟು ಹತ್ತಿರ. ಆ ಟೇಪು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ ಎಲ್ಲೋ ಸೇರಿಹೋಗಿತ್ತು. ಸಿಕ್ಕಿ ಹೊರಬಂದದ್ದು 2023ರಲ್ಲಿ. 1963ರ ನ್ಯೂಪೋರ್ಟ್ ಜಾಝ್ ಉತ್ಸವದ್ದು ಇನ್ನೊಂದಿದೆ. ಅದರಲ್ಲಿ ಎಲ್ವಿನ್ ಇಲ್ಲ, ಡ್ರಮ್ಸ್‌ಗೆ ರಾಯ್ ಹೇನ್ಸ್ ಕೂತಿದ್ದಾರೆ. ಹಾಡಿನ ತೂಕವೇ ಬದಲಾಗಿ ಹಗುರ ಆಗಿಬಿಡುತ್ತದೆ. ಒಂಬತ್ತರಲ್ಲಿ ಒಂದನ್ನೇ ಉಳಿಸಿಕೋ ಅಂದರೆ ನಾನು ಹಿಡಿದುಕೊಳ್ಳೋದು ಇದನ್ನೇ.

ಮತ್ತೆ 1966ರ ಜುಲೈ, ಟೋಕಿಯೋ. ಅದೇ ಹಾಡು 57 ನಿಮಿಷ! ಟೈನರ್ ಇಲ್ಲ, ಎಲ್ವಿನ್ ಇಲ್ಲ. ಪಿಯಾನೊದಲ್ಲಿ ಹೆಂಡತಿ ಆಲಿಸ್ ಕಾಲ್ಟ್ರೇನ್. ಮೊದಲು ಜಿಮ್ಮಿ ಗ್ಯಾರಿಸನ್ ಒಬ್ಬರೇ ಹತ್ತು ನಿಮಿಷಕ್ಕೂ ಹೆಚ್ಚು ಬೇಸ್ ಎಂಬ ಮಂದ್ರದ ತಂತಿವಾದ್ಯ ನುಡಿಸುತ್ತಾರೆ. ನಮಗೆ ಗೊತ್ತಿರುವ ಮಟ್ಟು ಮುಹೂರ್ತ ಮುಗಿದ ಮೇಲೆ ಬಂದ ನೆಂಟರ ಹಾಗೆ ನಿಧಾನಕ್ಕೆ ಒಳಗೆ ಬರುತ್ತದೆ. ನಿಜ ಹೇಳಬೇಕೆಂದರೆ ಇದನ್ನು ನಾನು ವರ್ಷಕ್ಕೊಂದು ಸಲ ಕೇಳಿದರೆ ಜಾಸ್ತಿ. ಸುಸ್ತಾಗುತ್ತದೆ. ಆದರೆ ಬಿಟ್ಟುಕೊಡಲು ಆಗುವುದಿಲ್ಲ. ಒಂದು ವರ್ಷ ಕಳೆಯುವ ಹೊತ್ತಿಗೆ, 1967ರ ಜುಲೈ 17ಕ್ಕೆ, ಅವರು ಹೋಗಿಬಿಟ್ಟಿದ್ದರು. ವಯಸ್ಸು ನಲವತ್ತು.

ಇಷ್ಟು ಹೇಳಿದ ಕೂಡಲೇ ಸಂಗೀತ ಬಲ್ಲ ಸ್ನೇಹಿತರು, "ಓ, ನಮ್ಮ ಮನೋಧರ್ಮದ ಹಾಗೆ!" ಅನ್ನುತ್ತಾರೆ. ಅರ್ಧ ಸರಿ. ನಮ್ಮಲ್ಲಿ ಕೃತಿಯನ್ನು ಪಾಠ ಆದ ಹಾಗೆ ಹಾಡಬೇಕು. ಸಂಗತಿ ಏರುಪೇರಾದರೆ ಮುಂದಿನ ಸಾಲಿನ ಹಿರಿಯರು ತಲೆದೂಗುವುದನ್ನು ನಿಲ್ಲಿಸುತ್ತಾರೆ. ಜಾಝ್‌ನವರಿಗೆ ಆ ಮುಲಾಜಿಲ್ಲ. ಮೊದಲ ಸುತ್ತಿನಲ್ಲಿ ಹಾಡನ್ನು ಒಮ್ಮೆ ತೋರಿಸುತ್ತಾರೆ. ಆಮೇಲೆ ಅದರ ಕೆಳಗಿನ ಕಾರ್ಡುಗಳ ಓಟವನ್ನಷ್ಟೇ ಇಟ್ಟುಕೊಂಡು ಮಟ್ಟನ್ನು ಎಸೆದುಬಿಡುತ್ತಾರೆ. ಇನ್ನೊಂದು ವ್ಯತ್ಯಾಸ ನನಗೆ ಇದಕ್ಕಿಂತ ದೊಡ್ಡದು. ಪಕ್ಕವಾದ್ಯ ಅನ್ನುವ ಪದ ಅಲ್ಲಿ ಸರಿಯಾಗಿ ಕೂರುವುದೇ ಇಲ್ಲ. ಡ್ರಮ್ಸ್‌ನವರು ಬದಲಾದರೆ ಹಾಡೇ ಬದಲಾಗುತ್ತದೆ. ಅದಕ್ಕೇ ಜಾಝ್ ರೆಕಾರ್ಡು ಕೊಳ್ಳುವವರು ಕವರ್ ಹಿಂದೆ ಮೊದಲು ಹುಡುಕುವುದು ಹಾಡುಗಳ ಪಟ್ಟಿಯನ್ನಲ್ಲ. ಯಾರು ಯಾರು ಕೂತಿದ್ದರು, ಎಲ್ಲಿ, ಯಾವ ತಾರೀಖು, ಇವನ್ನು.

ಈ ತಾರೀಖಿನ ಹುಚ್ಚು ನನ್ನೊಬ್ಬನದೇ ಅಂದುಕೊಳ್ಳಬೇಡಿ. 1940ರ ನವೆಂಬರ್ 7ರಂದು ನಾರ್ತ್ ಡಕೋಟಾದ ಫಾರ್ಗೋ ಎಂಬ ಊರಿನ ಡಾನ್ಸ್ ಹಾಲ್‌ಗೆ ಡ್ಯೂಕ್ ಎಲಿಂಗ್ಟನ್ ಅವರ ಜಾಝ್ ತಂಡ ಬಂದಿತ್ತು. ಜ್ಯಾಕ್ ಟವರ್ಸ್ ಮತ್ತು ಡಿಕ್ ಬರಿಸ್ ಎಂಬ ಇಬ್ಬರು ಹುಡುಗರು ಅನುಮತಿ ಪಡೆದು, ಡಿಸ್ಕ್ ಕೊರೆಯುವ ಯಂತ್ರವನ್ನು ಹೊತ್ತುಕೊಂಡು ಹೋಗಿ ಅಂದಿನ ಕಚೇರಿ ಹಿಡಿದಿಟ್ಟರು. ಮಾರುವುದಕ್ಕಲ್ಲ, ತಮಗೆ ಕೇಳೋಕೆ. ಸುಮಾರು ನಲವತ್ತು ವರ್ಷದ ನಂತರ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಸುಮ್ನೆ ಒಂದು ಚಳಿಗಾಲದ ರಾತ್ರಿ, ಸಣ್ಣ ಊರು, ಕುಣಿಯೋಕೆ ಬಂದ ಜನ. ಆ ಇಬ್ಬರು ಇಲ್ಲದಿದ್ದರೆ ಅಂದಿನ ಸಂಗೀತ ಅಂದೇ ಮುಗಿದಿರುತ್ತಿತ್ತು.

ಡೀನ್ ಬೆನೆಡೆಟ್ಟಿ ಅವರದು ಇದಕ್ಕಿಂತ ವಿಚಿತ್ರ. ತಾವೇ ಸ್ಯಾಕ್ಸೊಫೋನ್ ನುಡಿಸುವವರು. 1947-48ರಲ್ಲಿ, ಜಾಝ್‌ನ ದೊಡ್ಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ನುಡಿಸುತ್ತಿದ್ದ ಕೆಲವು ಕ್ಲಬ್ಬುಗಳಿಗೆ ಯಂತ್ರ ಹಿಡಿದು ಹೋದರು. ಆದರೆ ಪಾರ್ಕರ್ ನುಡಿಸುವಾಗ ಮಾತ್ರ ಯಂತ್ರ ಚಾಲೂ. ಬೇರೆಯವರ ಸರದಿ ಬಂದ ಕೂಡಲೇ ಬಂದ್! ಹಾಗಾಗಿ ಉಳಿದಿರುವುದು ಬರೀ ತುಣುಕುಗಳು. ಪಲ್ಲವಿ ಇಲ್ಲ, ತನಿ ಇಲ್ಲ, ಬರೀ ಸ್ವರಪ್ರಸ್ತಾರ ಅಂದುಕೊಳ್ಳಿ. 1990ರಲ್ಲಿ ಅದು ಏಳು ಸಿ.ಡಿ.ಗಳ ಪೆಟ್ಟಿಗೆಯಾಗಿ ಬಂತು. ಅದನ್ನು ಕೇಳುವಾಗಲೆಲ್ಲ ನನಗೆ ಪಾರ್ಕರ್‌ಗಿಂತ ಆ ಸ್ವಿಚ್ಚಿನ ಮೇಲಿನ ಬೆರಳೇ ಹೆಚ್ಚು ಕಾಣುತ್ತದೆ. ಹೆಂಡತಿಗೆ ಈ ಕತೆ ಹೇಳಿದೆ. "ಸದ್ಯ, ನೀವು ಅಷ್ಟರ ಮಟ್ಟಿಗೆ ಹೋಗಿಲ್ವಲ್ಲ ರೀ" ಅಂದಳು.

ಹೌದು, ನಾನು ಅಷ್ಟು ಹೋಗಿಲ್ಲ. ಸಂಗ್ರಹಿಸುವವರಲ್ಲಿ ಮೊದಲ ಮುದ್ರಣವೇ ಬೇಕು ಅನ್ನುವವರಿದ್ದಾರೆ. ಲೇಬಲ್ಲಿನ ಪಕ್ಕದ ಖಾಲಿ ಜಾಗವನ್ನು ದೀಪಕ್ಕೆ ಓರೆಯಾಗಿ ಹಿಡಿದು, ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಹೆಸರಿನ ಮೂರು ಅಕ್ಷರ ಗೀಚಿದೆಯಾ ಅಂತ ನೋಡುತ್ತಾರೆ. ಬ್ಲೂ ನೋಟ್ ಎಂಬ ಜಾಝ್ ಕಂಪನಿಯ ಹಳೆಯ ರೆಕಾರ್ಡಾದರೆ ಅಲ್ಲೇ ಮುದ್ರಣ ಕಾರ್ಖಾನೆಯ ಒಂದು ಗುರುತೂ ಇರುತ್ತದೆ. ನೋಡೋಕೆ ಕಿವಿಯ ಹಾಗಿರುವುದರಿಂದ ಅದನ್ನು 'ಕಿವಿ' ಅಂತಲೇ ಕರೆಯುತ್ತಾರೆ. ಕಿವಿ ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ನಾನೂ ಒಮ್ಮೆ ಆಸೆಗೆ ಬಿದ್ದು, 'ಒಂದೂ ಗೀರಿಲ್ಲ' ಅಂತ ಬರೆದಿದ್ದ ರೆಕಾರ್ಡನ್ನು ಆನ್‌ಲೈನಿನಲ್ಲಿ ತರಿಸಿದೆ. ಕಿವಿ ಏನೋ ಇತ್ತು. ಟೆನರ್ ಸ್ಯಾಕ್ಸೊಫೋನಿನ ಸೋಲೋ ನಡುವೆ ಮುಳ್ಳು ಒಂದೇ ಜಾಗದಲ್ಲಿ ಎಡವುತ್ತಿತ್ತು. ಮಾರಿದವರು ಉತ್ತರವನ್ನೇ ಕೊಡಲಿಲ್ಲ. ಈಗ ಆ ಹಾಡನ್ನು ಎಲ್ಲಿ ಕೇಳಿದರೂ ಆ ಜಾಗ ಬಂದಾಗ ನನ್ನ ಮೈ ಒಮ್ಮೆ ಎಡವುತ್ತದೆ. ಅಂದಿನಿಂದ ಮರುಮುದ್ರಣವೇ ಸಾಕು ಅಂತ ಸುಮ್ಮನಾದೆ.

ಹುಡುಕಾಟದಲ್ಲಿ ಸುಖವೂ ಇದೆ, ಇಲ್ಲ ಅನ್ನಲಾರೆ. ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಬೆರಳು ಓಡಿಸುತ್ತಾ ಹೋಗುತ್ತಿದ್ದಾಗ 'ಜ್ಯೋತಿ' ಅನ್ನುವ ಹೆಸರು ಕಂಡಿತು. ಬಾಸ್ಟನ್‌ನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಜೊತೆಗೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಆರ್.ಎ. ರಮಾಮಣಿ ಅವರ ಕಂಠ, ಟಿ.ಎ.ಎಸ್. ಮಣಿ ಅವರ ಮೃದಂಗ. ಜರ್ಮನಿಯ ಇಸಿಎಂ ಕಂಪನಿ 1983ರಲ್ಲಿ ತಂದದ್ದು. ಇಷ್ಟು ದೂರ ಬಂದು ಇದನ್ನು ಕಂಡುಕೊಳ್ಳಬೇಕಾಯಿತಲ್ಲ ಅಂತ ನಗು ಬಂತು. ಅಮ್ಮನಿಗೆ ಫೋನಿನಲ್ಲೇ ಕೇಳಿಸಿದೆ. "ಆಕೆ ಚೆನ್ನಾಗಿ ಹಾಡ್ತಾರೆ ಕಣೋ" ಅಂದರು. ಪೀಪಿ ಬಗ್ಗೆ ಒಂದು ಮಾತೂ ಇಲ್ಲ.

ಇನ್ನು ಟಿಕೆಟ್ ಕೊಂಡು ಹೋಗುವ ಸಂಗೀತ ಕಚೇರಿಯ ವಿಷಯ. ಮೊದಮೊದಲು ನಾನು ಮಾಡಿದ್ದು ದೊಡ್ಡ ತಪ್ಪು. ರೆಕಾರ್ಡಿನಲ್ಲಿ ಬಾಯಿಪಾಠ ಆಗಿದ್ದ ಸೋಲೋವನ್ನೇ ಎದುರಿಗೆ ಕೇಳಬೇಕು ಅಂತ ಹೋಗುತ್ತಿದ್ದೆ. ಅದು ಬರುತ್ತಿರಲಿಲ್ಲ, ಮುಖ ಸಪ್ಪೆ ಮಾಡಿಕೊಂಡು ಕೊನೇ ರೈಲು ಹಿಡಿಯುತ್ತಿದ್ದೆ. ಹೋಟೆಲಿಗೆ ಹೋಗಿ ಅಮ್ಮನ ಕೈಯ ಸಾರು ಕೊಡಿ ಅಂದ ಹಾಗೆ. ಆ ಚಟ ಬಿಟ್ಟುಹೋದದ್ದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಝ್ ಕ್ಲಬ್ಬಿನಲ್ಲಿ.

ಮ್ಯಾಕ್ಸ್ ಗಾರ್ಡನ್ ಎಂಬವರು 1935ರಲ್ಲಿ ಶುರುಮಾಡಿದ ಜಾಗ ಅದು. ಸೆವೆಂತ್ ಅವೆನ್ಯೂದಲ್ಲಿ ಕೆಂಪು ಚಪ್ಪರ, ಕಿರಿದಾದ ಬಾಗಿಲು, ಕೆಳಗಿಳಿಯುವ ಕಡಿದಾದ ಮೆಟ್ಟಿಲು. ತ್ರಿಕೋನದ ಹಾಗಿರುವ ನೆಲಮಾಳಿಗೆ, 123 ಜನ ಕೂತರೆ ಭರ್ತಿ. ಅಡುಗೆಮನೆ ಇದೆ, ಊಟ ಇಲ್ಲ. ಅಲ್ಲಿ ಕಲಾವಿದರು ವಿಶ್ರಾಂತಿ ತೆಗೆದುಕೊಳ್ಳುತ್ತಾರೆ. ಸೋಮವಾರ ದೊಡ್ಡ ತಂಡದ ದಿನ, 1966ರಿಂದ ನಡೆದುಬಂದಿದೆ. ಫೋನ್ ಹೊರತೆಗೆದರೆ ಯಾರಾದರೂ ಬಂದು ಒಳಗಿಡಿ ಅನ್ನುತ್ತಾರೆ. ನನಗೆ ಒಳ್ಳೆಯದೇ ಆಯಿತು.

1961ರ ಜೂನ್ 25, ಭಾನುವಾರ, ಇದೇ ಕೋಣೆಯಲ್ಲಿ ಪಿಯಾನೊ ವಾದಕ ಬಿಲ್ ಎವನ್ಸ್ ಅವರ ಮೂವರ ತಂಡ ಮಧ್ಯಾಹ್ನದಿಂದ ರಾತ್ರಿಯವರೆಗೆ ಐದು ಸಲ ನುಡಿಸಿತು. ಹೆಚ್ಚುಕಡಿಮೆ ಎಲ್ಲವೂ ಟೇಪಿನಲ್ಲಿದೆ. 'ಆಲ್ ಆಫ್ ಯೂ' ಅನ್ನುವ ಹಾಡು ಆ ಒಂದೇ ದಿನದಲ್ಲಿ ಮೂರು ಸಲ ಬರುತ್ತದೆ, ಮೂರೂ ಸಲ ಬೇರೆ. ಬೇಸ್ ನುಡಿಸಿದ ಸ್ಕಾಟ್ ಲಫಾರೊಗೆ 25 ವರ್ಷ. ಜುಲೈ 6ರಂದು ಕಾರು ಅಪಘಾತದಲ್ಲಿ ತೀರಿಕೊಂಡರು. ಆ ಮೂವರದು ಆಮೇಲೆ ಇನ್ನೊಂದು ಸಂಜೆ ಇಲ್ಲ. ಮನೆಯಲ್ಲಿ ಅದನ್ನು ಕೇಳುವಾಗ ನನಗೆ ಸಿಟ್ಟು ಬರುತ್ತಿದ್ದದ್ದು ಅಂದಿನ ಜನರ ಮೇಲೆ. ಎವನ್ಸ್ ಅಷ್ಟು ಮೆಲ್ಲಗೆ ನುಡಿಸುತ್ತಿದ್ದರೆ ಇವರು ಮಾತಾಡುತ್ತಾರೆ, ನಗುತ್ತಾರೆ, ಗ್ಲಾಸು ಟಿಣ್ ಅನ್ನಿಸುತ್ತಾರೆ. ಎಂಥ ಜನ ಅಂತ ಬೈದುಕೊಳ್ಳುತ್ತಿದ್ದೆ.

ಹೋದ ಚಳಿಗಾಲದಲ್ಲಿ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ಪಿಯಾನೊ, ಬೇಸ್, ಡ್ರಮ್ಸ್. ಎರಡನೇ ಹಾಡು ನಿಧಾನದ್ದು. ಡ್ರಮ್ಸ್‌ನವರು ಬ್ರಶ್ಶಿನಲ್ಲಿ ಸವರುತ್ತಿದ್ದರಷ್ಟೇ. ನೆಲದಡಿ ಸಬ್‌ವೇ ಗಡಗಡ ಅಂದು ಹೋಯಿತು. ಅವಳು ನನ್ನ ಕಿವಿಯ ಹತ್ತಿರ ಬಂದು, "ರೀ, ಇದು ನಮ್ಮನೇಲಿದೆ ಅಲ್ವಾ?" ಅಂದಳು. ಇದೆ ಅಂತ ಹೇಳೋಕೆ ತಿರುಗುವಾಗ ಮೊಣಕೈ ತಾಗಿ ನನ್ನ ಗ್ಲಾಸು ಅವಳ ಗ್ಲಾಸಿಗೆ ಬಡಿಯಿತು. ಟಿಣ್. ಇಡೀ ಕೋಣೆಗೆ ಕೇಳಿಸಿತು. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಎಲ್ಲಾದರೂ ಮೈಕು ತೂಗುತ್ತಿದೆಯಾ ಅಂತ ನಾನು ಮೇಲೆ ನೋಡಿದೆ.