ರಾತ್ರಿ ಮೂರೂವರೆ, ಬಲಗಡೆ

ಮಗಳಿಗೆ ಈಗ ಏಳು ವಾರ. ಹುಟ್ಟಿದ ಹೊಸದರಲ್ಲಿ ದಿಂಬಿನ ಪಕ್ಕ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದೆ. ನಿನ್ನೆ ಅದು ಕೈಗೆ ಸಿಕ್ಕಿತು. 'ರಾತ್ರಿ 1.40, ಎಡ, 20 ನಿಮಿಷ. ಒದ್ದೆ ನ್ಯಾಪಿ. 3.30, ಬಲ, ಕುಡಿಯುತ್ತಲೇ ನಿದ್ದೆ. 5.00, ಎಡ.' ಪುಟಗಟ್ಟಲೆ ಇಷ್ಟೇ. ಒಂದೆರಡು ಕಡೆ ಅಕ್ಷರಗಳು ಸಾಲು ಬಿಟ್ಟು ಕೆಳಗೆ ಜಾರಿವೆ, ಬರೆಯುತ್ತಲೇ ನನಗೆ ಕಣ್ಣು ಎಳೆದುಕೊಂಡು ಹೋಗಿರಬೇಕು.

ಮಗುವಿನ ಮುಖ ನೋಡಿದ ತಕ್ಷಣ ನೋವೆಲ್ಲ ಮರೆತುಹೋಗುತ್ತದೆ, ಎದೆ ತುಂಬಿ ಬರುತ್ತದೆ ಅಂತ ಎಲ್ಲರೂ ಹೇಳಿದ್ದರು. ನನಗೆ ಹಾಗೆ ಆಗಲಿಲ್ಲ. ಅವಳನ್ನು ತಂದು ನನ್ನ ಎದೆಯ ಮೇಲೆ ಮಲಗಿಸಿದಾಗ, ಸದ್ಯ ಇಬ್ಬರೂ ಉಳಿದೆವು ಅನ್ನೋ ಸಮಾಧಾನ ಇತ್ತು, ಸುಸ್ತಿತ್ತು, ಭಯ ಇತ್ತು. ಆ ಮುಖ ಮಾತ್ರ ಯಾರದೋ ಹೊಸಬರದು ಅನ್ನಿಸಿತು. ಇದನ್ನು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಇಂಥ ಮಾತು ಆಡಿದರೆ ಇವಳೆಂಥ ತಾಯಿ ಅಂದುಕೊಳ್ಳುತ್ತಾರೆ ಅಲ್ವಾ? ಹಾಗಾಗಿ ಸುಮ್ಮನೆ ನಗುತ್ತಾ ಫೋಟೋಗೆ ಕೂತೆ.

ಮೂರನೇ ದಿನ ಎದೆ ಕಲ್ಲಿನ ಹಾಗೆ ಗಟ್ಟಿಯಾಯಿತು, ಹಾಲು ಇಳಿಯಿತು. ಅದೇ ದಿನ ಸಂಜೆಯಿಂದ ಅಳು ಶುರುವಾಯಿತು, ನನ್ನದು. ಕಾರಣವೇ ಇಲ್ಲ. ಗಂಡ ನೀರು ತಂದುಕೊಟ್ಟರೆ ಅಳು, ಅವಳ ಸಾಕ್ಸ್ ನೋಡಿದರೆ ಅಳು. ಹಾಲು ಇಳಿಯೋದಕ್ಕೂ ಈ ಅಳುವಿಗೂ ಸಂಬಂಧ ಇದೆ ಅಂತ ಡಾಕ್ಟರ್ ವಿವರಿಸಿದ ಮೇಲೆಯೇ ನನಗೆ ಗೊತ್ತಾಗಿದ್ದು. ಬಸಿರಿನಲ್ಲಿ ತಿಂಗಳುಗಟ್ಟಲೆ ಏರುತ್ತಾ ಬಂದಿದ್ದ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನುಗಳು ಎರಡೂ ಮಾಸು (ಪ್ಲಾಸೆಂಟಾ) ಹೊರಬಿದ್ದ ಮೇಲೆ ಸರ್ರನೆ ಇಳಿದುಬಿಡುತ್ತವೆ. ಪ್ರೊಜೆಸ್ಟರಾನ್ ಇಳಿದರೇನೇ ಹಾಲು ತುಂಬಿಕೊಳ್ಳೋದು. ಆ ಇಳಿತದ ಏಟು ಮನಸ್ಸಿಗೂ ಬೀಳುತ್ತದೆ. ಹೆತ್ತ ಬಹಳಷ್ಟು ಹೆಂಗಸರಿಗೆ ಎರಡನೇ ಮೂರನೇ ದಿನದಿಂದ ಹೀಗಾಗುತ್ತದಂತೆ, ಸಾಮಾನ್ಯವಾಗಿ ಎರಡು ವಾರದೊಳಗೆ ತಿಳಿಯಾಗುತ್ತದಂತೆ.

ನನಗೂ ಹಾಗೇ ಆಯಿತು. ಆದರೆ ಎರಡು ವಾರ ದಾಟಿದರೂ ಕತ್ತಲು ಕವಿದ ಹಾಗೇ ಇದ್ದರೆ, ಮಗು ಮಲಗಿದಾಗಲೂ ನಿದ್ದೆ ಹತ್ತದಿದ್ದರೆ, ಯಾವುದರ ಮೇಲೂ ಆಸೆಯೇ ಇಲ್ಲ ಅನ್ನಿಸುತ್ತಿದ್ದರೆ, ಅದು ಬೇರೆ. ಅದು ಬಾಣಂತಿಯರಿಗೆ ಬರುವ ಖಿನ್ನತೆ, ಅದಕ್ಕೆ ಚಿಕಿತ್ಸೆ ಇದೆ, ದಯವಿಟ್ಟು ಡಾಕ್ಟರ ಹತ್ತಿರ ಹೇಳಿ. ನನಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೇನೋ ಅನ್ನೋ ಯೋಚನೆ ಬಂದರಂತೂ ಎರಡು ವಾರ ಕಾಯಲೇಬೇಡಿ, ಆ ಕ್ಷಣವೇ ಪಕ್ಕದಲ್ಲಿರುವವರನ್ನು ಎಬ್ಬಿಸಿ.

ನಾಲ್ಕನೇ ದಿನ ತೂಕ ನೋಡಿದರು. ಹುಟ್ಟಿದಾಗ 3.1 ಕೆಜಿ ಇದ್ದವಳು 2.85ಕ್ಕೆ ಇಳಿದಿದ್ದಳು. ಮೊದಲ ದಿನಗಳಲ್ಲಿ ಮಕ್ಕಳ ತೂಕ ನೂರಕ್ಕೆ ಏಳೆಂಟರಷ್ಟು ಇಳಿಯೋದು ಸಹಜ, ಹತ್ತಕ್ಕಿಂತ ಹೆಚ್ಚು ಇಳಿದರೆ ಜಾಸ್ತಿ ಗಮನ ಕೊಡಬೇಕು, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬಂದಿರಬೇಕು ಅಂತ ಸಮಾಧಾನವಾಗಿಯೇ ಹೇಳಿದರು. ನನ್ನ ಕಿವಿಗೆ ಬಿದ್ದಿದ್ದು 250 ಗ್ರಾಂ ಕಮ್ಮಿ ಅನ್ನೋದಷ್ಟೇ. ಆ 250 ಗ್ರಾಂ ನಾನು ಕೊಡದೇ ಹೋದದ್ದು ಅನ್ನಿಸಿತು. ನೋಟ್‌ಬುಕ್ ಶುರುವಾಗಿದ್ದು ಅವತ್ತೇ. ದಿನಕ್ಕೆ 8ರಿಂದ 12 ಸಲ ಹಾಲು, ಐದನೇ ದಿನದಿಂದ ಕನಿಷ್ಠ 6 ಒದ್ದೆ ನ್ಯಾಪಿ. ಇಷ್ಟಾದರೆ ಹೊಟ್ಟೆ ತುಂಬುತ್ತಿದೆ ಅಂತ ಲೆಕ್ಕ. ನಾನು ಎಣಿಸುತ್ತಾ ಕೂತೆ.

ಕುಡಿಸೋದು ಸುಲಭ ಇರಲಿಲ್ಲ. ತೊಟ್ಟು ಒಡೆದು ರಕ್ತ ಬಂದಿತ್ತು. ಅವಳು ಬಾಯಿ ಹಾಕಿದ ತಕ್ಷಣ ಕಾಲಿನ ಬೆರಳು ಮುದುಡಿಕೊಳ್ಳುತ್ತಿತ್ತು, ಜೊತೆಗೆ ಹೊಟ್ಟೆ ಕಿವುಚಿದ ಹಾಗೆ ನೋವು. ಹಾಲು ಇಳಿಸುವ ಹಾರ್ಮೋನೇ ಗರ್ಭಕೋಶವನ್ನೂ ಹಿಂಡಿ ಮೊದಲಿನ ಗಾತ್ರಕ್ಕೆ ತರುತ್ತದೆ, ಅದಕ್ಕೇ ಆ ನೋವು. ಒಂಬತ್ತನೇ ದಿನ ಒಬ್ಬ ನರ್ಸ್ ಪಕ್ಕದಲ್ಲೇ ಕೂತು ತೋರಿಸಿಕೊಟ್ಟರು. ತೊಟ್ಟನ್ನು ಬಾಯಿಗೆ ತುರುಕಬೇಡ, ಅವಳ ಮೂಗಿನ ಹತ್ತಿರ ಹಿಡಿ, ಆಕಳಿಸುವಷ್ಟು ಅಗಲ ಬಾಯಿ ತೆರೆಯೋವರೆಗೆ ಕಾಯಿ, ಆಗ ಅವಳನ್ನೇ ಎದೆಗೆ ತಾ. ಗದ್ದ ಎದೆಗೆ ಒತ್ತಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಗಿರಬೇಕು. ಮೂರನೇ ಸಲಕ್ಕೆ ಸರಿಯಾಯಿತು. ಮೊದಲ ಬಾರಿ ಅವಳು ಗುಟುಕರಿಸುವ ಸದ್ದು ಕೇಳಿಸಿತು. 'ಕ್ಕ', 'ಕ್ಕ' ಅಂತ ಸಣ್ಣಗೆ. ಇದನ್ನು ಹೆರಿಗೆಗೆ ಮುಂಚೆಯೇ ಎಲ್ಲರಿಗೂ ಕೂರಿಸಿ ಕಲಿಸಬೇಕು. ತಾಯಿಗೆ ತಾನಾಗೇ ಬರುತ್ತದೆ ಅನ್ನೋದು ಸುಳ್ಳು.

ಮಗು ಮಲಗಿದಾಗ ನೀನೂ ಮಲಗು ಅಂತಾರೆ. ಹಸುಗೂಸು ದಿನಕ್ಕೆ ಹದಿನಾರು ಗಂಟೆ ಮಲಗುತ್ತದೆ ನಿಜ, ಆದರೆ ತುಂಡು ತುಂಡಾಗಿ. ಕುಡಿಸಿ, ತೇಗು ಬರಿಸಿ, ನ್ಯಾಪಿ ಬದಲಿಸಿ ಮಲಗಿಸಿದರೆ ಮುಂದಿನ ಸಲಕ್ಕೆ ಉಳಿಯೋದು ಮುಕ್ಕಾಲು ಗಂಟೆ. ನನ್ನನ್ನು ಉಳಿಸಿದ್ದು ನನ್ನ ಗಂಡ ಹಿಡಿದ ಪಾಳಿ. ರಾತ್ರಿ ಒಂಬತ್ತಕ್ಕೆ ಕುಡಿಸಿ ಕೊಟ್ಟರೆ ಹನ್ನೆರಡರವರೆಗೆ ಅವಳು ಅವರ ಕೈಯಲ್ಲಿ, ನಾನು ಬಾಗಿಲು ಹಾಕಿಕೊಂಡು ನಿದ್ದೆ. ಒಟ್ಟಿಗೆ ಮೂರು ಗಂಟೆ ನಿದ್ದೆಗೂ ಮೂರು ಸಲ ಒಂದೊಂದು ಗಂಟೆಗೂ ಎಷ್ಟು ವ್ಯತ್ಯಾಸ ಅಂತ ಅನುಭವಿಸಿದವರಿಗೇ ಗೊತ್ತು. ಮತ್ತೆ, ಗೆಳತಿಯೊಬ್ಬಳು ಬಂದಿದ್ದಳು. ಮಗುವನ್ನು ಕೊಡು ಅಂತ ಕೇಳಲಿಲ್ಲ. ಪಾತ್ರೆ ತೊಳೆದಳು, ಬಟ್ಟೆ ಮಡಚಿದಳು, ಹೋಗುವಾಗ 'ನಿನ್ನ ಹೊಲಿಗೆ ನೋವು ಹೇಗಿದೆ?' ಅಂದಳು. ಅಷ್ಟು ದಿನದಲ್ಲಿ ನನ್ನ ಬಗ್ಗೆ ಕೇಳಿದವಳು ಅವಳೊಬ್ಬಳೇ.

ಹದಿಮೂರನೇ ದಿನ ತೂಕ 3.15. ಅಲ್ಲೇ ಕೂತು ಅತ್ತೆ.

ಅದಾದ ಕೆಲವು ದಿನಕ್ಕೆ, ಒಂದು ರಾತ್ರಿ ನನಗೆ ಸುಮ್ನೆ ಎಚ್ಚರವಾಯಿತು. ಅವಳು ಅತ್ತಿರಲಿಲ್ಲ. ಮಂದ ಬೆಳಕಲ್ಲಿ ನೋಡಿದರೆ ತಲೆ ಅತ್ತ ಇತ್ತ ತಿರುಗಿಸುತ್ತಿದ್ದಳು, ಮುಷ್ಟಿ ಬಾಯಿಗೆ ಒಯ್ಯುತ್ತಿದ್ದಳು, ನಾಲಿಗೆ ಚಪ್ಪರಿಸುತ್ತಿದ್ದಳು. ಅಳು ಹಸಿವಿನ ಕೊನೆಯ ಸೂಚನೆ, ಅದಕ್ಕೆ ಮೊದಲಿನವು ಇವು. ಓದಿದ್ದೆ, ಆದರೆ ಅವತ್ತು ಓದಿದ್ದು ನೆನಪಾಗಿ ಎತ್ತಿಕೊಂಡದ್ದಲ್ಲ. ಕೈ ತಾನಾಗಿ ಹೋಯಿತು. ಆಮೇಲೆ ಒಂದೊಂದೇ ಗೊತ್ತಾಗುತ್ತಾ ಬಂತು: ನಿದ್ದೆಗೆ ಜಾರೋ ಮುಂಚೆ ಅವಳ ಎಡ ಹುಬ್ಬು ಕೆಂಪಾಗುತ್ತದೆ, ಕೆಳಗಿಡುವಾಗ ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ತಲೆ ಇಟ್ಟರೆ ಕೈಕಾಲು ಬೀಸಿ ಬೆಚ್ಚಿಬೀಳೋದಿಲ್ಲ. ಪ್ರೀತಿ ಯಾವಾಗ ಬಂತು ಅಂತ ಯಾರಾದರೂ ಕೇಳಿದರೆ ನನಗೆ ಹೇಳೋಕೆ ಇರೋದು ಇಷ್ಟೇ.

ನೋಟ್‌ಬುಕ್‌ನ ಕೊನೆಯ ಸಾಲು ಇಪ್ಪತ್ನಾಲ್ಕನೇ ದಿನದ್ದು. 'ರಾತ್ರಿ 2.15, ಬಲ.' ಎಷ್ಟು ನಿಮಿಷ ಅಂತ ಬರೆದಿಲ್ಲ. ಆ ರಾತ್ರಿ ನೆನಪಿದೆ. ಅಷ್ಟು ಸಣ್ಣ ಮಕ್ಕಳಿಗೆ ಸ್ಪಷ್ಟವಾಗಿ ಕಾಣೋದು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ, ಹೆಚ್ಚುಕಮ್ಮಿ ಎದೆಯಿಂದ ಮುಖಕ್ಕೆ ಇರೋವಷ್ಟು. ಕುಡಿಯೋದು ನಿಲ್ಲಿಸಿ, ಬಾಯಂಚಲ್ಲಿ ಹಾಲು ಹಾಗೇ ಇಟ್ಟುಕೊಂಡು, ನನ್ನನ್ನೇ ನೋಡುತ್ತಿದ್ದಳು. ಪೆನ್ನು ಜಾರಿ ಮಂಚದ ಕೆಳಗೆ ಬಿತ್ತು. ಬಗ್ಗಿ ತೆಗೆಯೋಕೆ ಅವಳನ್ನು ಕೆಳಗಿಡಬೇಕಿತ್ತು. ಇಡಲಿಲ್ಲ.